ಆಟದ ಪೆಟ್ಟಿಗೆಯೊಳಗಿನ ಗಣಕ

ಯಾದಗಿರಿ ಜಿಲ್ಲೆಯ ಕಡೇಚೂರಿನ ಒಂದು ಮನೆ. ದಸರಾ ರಜೆಯ ಒಂದು ಸಂಜೆ. ಟಿ.ವಿ.ಯ ಪರದೆ ಪೂರ್ತಿ ಕಪ್ಪಾಗಿ, ಅದರ ಮೇಲೆ ಬಿಳಿ ಅಕ್ಷರಗಳ ಸಾಲುಗಳು ಒಂದರ ಹಿಂದೊಂದು ಓಡುತ್ತಿದ್ದವು. ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಮುಗಿಸಿ ಬಂದ ತಂದೆ ಬಾಗಿಲಲ್ಲೇ ನಿಂತರು.

"ಟಿ.ವಿ. ಕೆಡಿಸಿದೇನೋ ತಮ್ಮಾ?"

"ಇಲ್ಲಪ್ಪಾ, ಕಂಪ್ಯೂಟರ್ ಚಾಲೂ ಆಗ್ಲಿಕತ್ತದ."

"ಕಂಪ್ಯೂಟರ್ ಎಲ್ಲದ ನಮ್ಮನ್ಯಾಗ?"

ಹುಡುಗ ತೋರಿಸಿದ್ದು ಟಿ.ವಿ.ಯ ಪಕ್ಕದಲ್ಲಿದ್ದ ಬಿಳಿಯ ಪುಟ್ಟ ಪೆಟ್ಟಿಗೆಯನ್ನು. ಜಪಾನಿನ ನಿಂಟೆಂಡೊ ಕಂಪನಿಯ ಆ 'ವೀ' ಆಟದ ಯಂತ್ರವನ್ನು ಅಮೆರಿಕದಿಂದ ಹೈದರಾಬಾದಿಗೆ ಮರಳಿದ ಸೋದರಮಾವ, ತಮ್ಮ ಮಕ್ಕಳು ಆಡುವುದು ಬಿಟ್ಟ ಮೇಲೆ ಅಳಿಯನಿಗೆ ಕೊಟ್ಟಿದ್ದರು. ಅಳಿಯ ಪಿ.ಯು.ಸಿ. ಎರಡನೇ ವರ್ಷದ ವಿಜ್ಞಾನ ವಿದ್ಯಾರ್ಥಿ. ಮುಂದೆ ಸಿ.ಇ.ಟಿ. ಇದೆ. ತಂದೆಗೆ ಪೆಟ್ಟಿಗೆಯನ್ನು ಕಂಡರೇ ಸಿಟ್ಟು. ಸಿಟ್ಟಿಗೆ ಕಾರಣವಿಲ್ಲವೆಂದು ಯಾರೂ ಹೇಳಲಾರರು.

ಪೆಟ್ಟಿಗೆ ಬಂದ ದಿನ ಹುಡುಗ ಮಾಡಿದ ಮೊದಲ ಕೆಲಸ ಹೇಳುವಂಥದು. ವಿದ್ಯುತ್ ಅಡಾಪ್ಟರಿನ ಮೇಲಿನ ಬರಹವನ್ನು ಅವನು ಓದಿದ. ಒಳಬರುವುದು 120 ವೋಲ್ಟ್, ಹೊರಹೋಗುವುದು 12 ವೋಲ್ಟ್, 3.7 ಆಂಪಿಯರ್. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ನೇರವಾಗಿ ಚುಚ್ಚಿದ್ದರೆ ಅಡಾಪ್ಟರು ಸುಟ್ಟೇ ಹೋಗುತ್ತಿತ್ತು. ಪುಸ್ತಕದಲ್ಲಿ ವೋಲ್ಟನ್ನು ಆಂಪಿಯರಿನಿಂದ ಗುಣಿಸುವವರು ಬಹಳ, ಪ್ಲಗ್ಗಿನ ಮೇಲೆ ಓದುವವರು ಕಡಿಮೆ. ಅವನು ಎರಡನ್ನೂ ಮಾಡಿ, ಸುಮಾರು 44 ವಾಟ್ ಎಂದು ಲೆಕ್ಕ ಹಾಕಿ, 230 ವೋಲ್ಟಿಗೆ ಹೊಂದುವ ಅಡಾಪ್ಟರನ್ನು ತರಿಸಿಕೊಂಡ.

ಆಟದ ಯಂತ್ರ ಹೇಗೆ ಕಂಪ್ಯೂಟರಾಗುತ್ತದೆ ಎಂದು ಯಾರಿಗಾದರೂ ಅನ್ನಿಸಬಹುದು. ಅದು ಕಂಪ್ಯೂಟರಾಗಬೇಕಿಲ್ಲ, ಮೊದಲಿನಿಂದಲೂ ಕಂಪ್ಯೂಟರೇ. 2006ರಲ್ಲಿ ಮಾರುಕಟ್ಟೆಗೆ ಬಂದು 10 ಕೋಟಿಗೂ ಹೆಚ್ಚು ಮಾರಾಟವಾದ ವೀ ಯಂತ್ರದಲ್ಲಿರುವುದು 729 ಮೆಗಾಹರ್ಟ್ಸ್ ವೇಗದ ಪವರ್‌ಪಿಸಿ ಸಂಸ್ಕಾರಕ ಮತ್ತು 88 ಮೆಗಾಬೈಟ್ ಸ್ಮೃತಿ. 2001ರ ಸುಮಾರಿನಲ್ಲಿ ಆಪಲ್ ಕಂಪನಿ ಮಾರಿದ ಐಬುಕ್ ಎಂಬ ಮಡಿಲ ಗಣಕದ ಸಂಸ್ಕಾರಕವೂ ಇದೇ ವಂಶದ್ದು. ಅಲ್ಲಿ ಅದು ಪತ್ರ ಬರೆಯಿತು, ಇಲ್ಲಿ ಟೆನಿಸ್ ಆಡಿಸಿತು. ಎರಡಕ್ಕೂ ವ್ಯತ್ಯಾಸ ಮಾಡಿದ್ದು ಒಳಗೆ ಕೂತು ಆಜ್ಞೆ ಕೊಡುವ ಕಾರ್ಯಾಚರಣ ವ್ಯವಸ್ಥೆ.

ಹುಡುಗ ಹಾಕಿದ್ದು 'ನೆಟ್‌ಬಿಎಸ್‌ಡಿ' ಎಂಬ ವ್ಯವಸ್ಥೆಯನ್ನು. ವಿಂಡೋಸ್ ಗೊತ್ತಿರುವ ನೂರು ಜನರಲ್ಲಿ ಒಬ್ಬರಿಗೂ ಈ ಹೆಸರು ಗೊತ್ತಿರಲಿಕ್ಕಿಲ್ಲ. 1993ರಲ್ಲಿ ಆರಂಭವಾದ ಇದನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು, ತಿದ್ದಬಹುದು. ಎಂಥ ಹಳೆಯ, ಎಂಥ ವಿಚಿತ್ರ ಯಂತ್ರವಾದರೂ ಅದರ ಮೇಲೆ ಓಡಬೇಕೆಂಬುದು ಅದನ್ನು ಕಟ್ಟಿದವರ ಛಲ. 16 ಮೆಗಾಬೈಟ್ ಸ್ಮೃತಿಯ ಸೆಗಾ ಡ್ರೀಮ್‌ಕ್ಯಾಸ್ಟ್ ಆಟದ ಯಂತ್ರದ ಮೇಲೂ ಇದು ಓಡಿತು. ವೀ ಯಂತ್ರಕ್ಕೆ ಇದನ್ನು 2024ರಲ್ಲಿ ಒಗ್ಗಿಸಿದವರು ಜೇರೆಡ್ ಮೆಕ್‌ನೀಲ್. ಎಸ್.ಡಿ. ಕಾರ್ಡಿಗೆ ಅದನ್ನು ಬರೆದು, ಯಂತ್ರಕ್ಕೆ ಯುಎಸ್‌ಬಿ ಕೀಲಿಮಣೆ ಸಿಕ್ಕಿಸಿದರೆ ಮುಗಿಯಿತು ಎಂದು ಹೇಳಲು ಸುಲಭ. ಹುಡುಗನಿಗೆ ರಜೆಯ ನಾಲ್ಕು ದಿನ ಹಿಡಿದವು. (ಕದ್ದ ಆಟಗಳನ್ನು ಆಡಲು ಯಂತ್ರ ತೆರೆಯುವುದು ಬೇರೆ ಮಾತು. ಅದಕ್ಕೂ ಇದಕ್ಕೂ ಗಂಟು ಹಾಕಬಾರದು.)

ಬಾಗಿಲು ತೆರೆಯುವುದಕ್ಕೆ ಇಷ್ಟು ಹೆಣಗಬೇಕಾದದ್ದು ಬಾಗಿಲು ಹಾಕಿರುವುದರಿಂದ. ಒಮ್ಮೆ ಒಂದು ಕಂಪನಿ ತಾನಾಗಿಯೇ ಬಾಗಿಲು ತೆರೆದಿಟ್ಟಿತ್ತು. 2006ರ ನವೆಂಬರಿನಲ್ಲಿ ಬಂದ ಸೋನಿ ಪ್ಲೇಸ್ಟೇಷನ್ 3ರಲ್ಲಿ 'ಬೇರೆ ವ್ಯವಸ್ಥೆ ಹಾಕಿಕೊಳ್ಳಿ' ಎಂಬ ಆಯ್ಕೆಯೇ ಇತ್ತು. ಜನ ಅದರಲ್ಲಿ ಲಿನಕ್ಸ್ ಹಾಕಿಕೊಂಡರು. ಯಂತ್ರದ 'ಸೆಲ್' ಸಂಸ್ಕಾರಕ ಲೆಕ್ಕದಲ್ಲಿ ಬಲು ಚುರುಕು. ಭಾರತೀಯ ಮೂಲದ ಭೌತವಿಜ್ಞಾನಿ ಗೌರವ್ ಖನ್ನಾ 2007ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಡಾರ್ಟ್ಮತ್ ಕೇಂದ್ರದಲ್ಲಿ ಇಂಥ ಎಂಟು ಯಂತ್ರಗಳನ್ನು ಜೋಡಿಸಿ ಕಪ್ಪುಕುಳಿಗಳ ಲೆಕ್ಕ ಮಾಡಿದರು. ಅಮೆರಿಕದ ವಾಯುಪಡೆಯ ಪ್ರಯೋಗಾಲಯ 2010ರಲ್ಲಿ 1,760 ಯಂತ್ರಗಳನ್ನು ಸೇರಿಸಿ ಒಂದು ಮಹಾಗಣಕವನ್ನೇ ಕಟ್ಟಿತು. ಮಕ್ಕಳ ಆಟಿಕೆಗೆ ಇಷ್ಟು ಮರ್ಯಾದೆ ಯಾಕೆಂದರೆ, ಇಂಥ ಯಂತ್ರವನ್ನು ಅಗ್ಗಕ್ಕೆ ಮಾರಿ ಲಾಭವನ್ನು ಆಟಗಳಲ್ಲಿ ಗಿಟ್ಟಿಸುವುದು ಆ ವ್ಯಾಪಾರದ ರೀತಿ. ಲೆಕ್ಕ ಮಾಡುವವರು ಆಟ ಕೊಳ್ಳುವುದಿಲ್ಲ!

ಅದೇ 2010ರ ಏಪ್ರಿಲ್ 1ರಂದು ಬಂದ ಹೊಸ ತಂತ್ರಾಂಶ ಆ ಆಯ್ಕೆಯನ್ನು ಅಳಿಸಿಹಾಕಿತು. ಭದ್ರತೆಗಾಗಿ ಎಂದು ಕಂಪನಿ ಹೇಳಿತು. ಹೊಸ ತಂತ್ರಾಂಶ ಬೇಡವೆಂದವರಿಗೆ ಅಂತರ್ಜಾಲದ ಆಟದ ಸೇವೆ ಸಿಗಲಿಲ್ಲ. ಕೊಂಡವರು ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯ ವರ್ಷಗಟ್ಟಲೆ ನಡೆದು ರಾಜಿಯಲ್ಲಿ ಮುಗಿಯಿತು. ದುಡ್ಡು ಕೊಟ್ಟು ಮನೆಗೆ ತಂದ ವಸ್ತುವಿನ ಒಂದು ಗುಣವನ್ನು ಮಾರಿದವನು ಆಮೇಲೆ ಕಿತ್ತುಕೊಂಡದ್ದು ಸರಿಯೆಂದು ಒಪ್ಪುವುದು ಕಷ್ಟ. ಎತ್ತು ಮಾರಿದವನು ಮರುವರ್ಷ ಬಂದು, ಇದು ಗಾಡಿಗೆ ಮಾತ್ರ, ನೇಗಿಲಿಗೆ ಕಟ್ಟಬೇಡ ಎಂದರೆ ಯಾವ ರೈತ ಕೇಳಿಯಾನು?

ಕಡೇಚೂರಿನ ತಂದೆಗೆ ಈ ಚರಿತ್ರೆ ಬೇಕಿರಲಿಲ್ಲ. "ಇದರಿಂದ ಏನಾಗ್ತದ ಹೇಳು" ಎಂದು ಕುರ್ಚಿ ಎಳೆದು ಕೂತರು. ಹುಡುಗ 'ಸಿ' ಭಾಷೆಯಲ್ಲಿ ಹತ್ತಿಪ್ಪತ್ತು ಸಾಲು ಬರೆದ. ಒಂದು ಲಕ್ಷದೊಳಗೆ ಅವಿಭಾಜ್ಯ ಸಂಖ್ಯೆಗಳೆಷ್ಟು ಎಂದು ಎಣಿಸುವ ಕೆಲಸ. ಉತ್ತರ ಬಂತು, 9,592.

"ಖರೇ ಅಂತ ಹ್ಯಾಂಗ ಹೇಳ್ತಿ?"

ಹುಡುಗ ತಡವರಿಸಿದ. ಪ್ರಶ್ನೆ ಮಾತ್ರ ಯಾವ ಮೇಷ್ಟರೂ ಮೆಚ್ಚುವಂಥದು. ಕೊನೆಗೆ ಲಕ್ಷವನ್ನು ನೂರಕ್ಕಿಳಿಸಿ ಯಂತ್ರವನ್ನು ಕೇಳಿದ. 25 ಎಂದಿತು. ಹತ್ತನೇ ತರಗತಿಗೆ ಶಾಲೆ ಬಿಟ್ಟಿದ್ದ ತಂದೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯತೊಡಗಿದರು. ಎರಡು, ಮೂರು, ಐದು, ಏಳು. ಮೊದಲ ಸಲ 26 ಬಂತು. 91 ಏಳರಿಂದ ಭಾಗವಾಗುತ್ತದೆಂದು ಮಗ ತೋರಿಸಿದ. ಹೊಡೆದುಹಾಕಿದರು. 25.

ಅಷ್ಟರಲ್ಲಿ ಅಡುಗೆಮನೆಯಿಂದ ಅವ್ವ ಬಂದು, ಧಾರಾವಾಹಿಯ ಹೊತ್ತಾಯಿತು, ಟಿ.ವಿ. ಬಿಡಿ ಎಂದರು. ತಂದೆ ಸ್ವಿಚ್ಚಿಗೆ ಕೈ ಹಾಕಿದರು.

"ತಡಿಯಪ್ಪಾ, ಹಂಗ ಆರಿಸಬಾರದು. ಫೈಲು ಕೆಡ್ತಾವ" ಎಂದ ಹುಡುಗ, ಶಟ್‌ಡೌನ್ ಆಜ್ಞೆ ಟೈಪು ಮಾಡಿದ. ಸಾಲುಗಳು ಮತ್ತೆ ಓಡಿದವು. ತಂದೆ ಕೈ ಹಿಂದಕ್ಕೆಳೆದುಕೊಂಡು, ಪರದೆ ಆರುವವರೆಗೂ ಕಾದು ನಿಂತರು.