ಫೋರ್ತ್ ಸೀಟ್

ಊರಿಂದ ಮುಂಬಯಿಗೆ ಬರುವ ನೆಂಟರಿಗೆ ನಾನು ಮೊದಲು ಹೇಳಿಕೊಡುವುದು ಸ್ಟೇಷನ್ನಿನ ಇಂಡಿಕೇಟರ್ ನೋಡುವುದನ್ನು. ಎಫ್ ಅಂದರೆ ಫಾಸ್ಟ್, ಎಸ್ ಅಂದರೆ ಸ್ಲೋ. ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೆ ಹೋಗಬೇಕಾದವರು ಡೊಂಬಿವಲಿಯಲ್ಲಿ ಫಾಸ್ಟ್ ಹತ್ತಿದರೋ, ಗಾಡಿ ಅವರನ್ನು ಸೀದಾ ದಾದರಿಗೆ ಒಯ್ದುಬಿಡುತ್ತದೆ!

ಹತ್ತುವುದೇನು ಬಂತು, ಹಿಂದಿನ ಜನವೇ ಹತ್ತಿಸುತ್ತಾರೆ. ಇಳಿಯಲಿಕ್ಕೆ ಮಾತ್ರ ಮೊದಲೇ ಬಾಗಿಲ ಕಡೆ ಸರಿದು ನಿಲ್ಲಬೇಕು. ಮೂವರು ಕೂರುವ ಬೆಂಚಿನ ತುದಿಯಲ್ಲಿ ನಾಲ್ಕನೆಯವನಿಗೂ ಅರ್ಧ ಜಾಗ ಉಂಟು. ಅದೇ 'ಫೋರ್ತ್ ಸೀಟ್'. "ಥೋಡಾ ಸರಕೋ" ಅಂದರೆ ಸಾಕು, ಗುರುತಿಲ್ಲದವರೂ ಸರಿಯುತ್ತಾರೆ.

2005ರ ಜುಲೈ 26ರ ಮಳೆ ನಿಮಗೂ ನೆನಪಿರಬಹುದು. 24 ಗಂಟೆಯಲ್ಲಿ ಸಾಂತಾಕ್ರೂಜಿನಲ್ಲಿ 944 ಮಿ.ಮೀ. ಬಿತ್ತು. ಲೋಕಲ್ ನಿಂತುಹೋಯಿತು. ಕುರ್ಲಾದಿಂದ ಹಳಿಗುಂಟ ನೀರಿನಲ್ಲೇ ನಡೆದೆವು. ನನ್ನ ಕೈ ಹಿಡಿದುಕೊಂಡಿದ್ದವರು, ದಿನಾ ಬೆಳಿಗ್ಗೆ ಘಾಟ್ಕೋಪರದಲ್ಲಿ ಹತ್ತಿ ನನ್ನ ಪಕ್ಕದ ಅರ್ಧ ಸೀಟಿನಲ್ಲಿ ಕೂರುತ್ತಿದ್ದ ಮರಾಠಿ ಗೃಹಸ್ಥರು. ಆ ರಾತ್ರಿ ಅವರ ಮನೆಯಲ್ಲೇ ಉಳಿದೆ. ಅವರ ಹೆಂಡತಿ ಒಣಬಟ್ಟೆ ಕೊಟ್ಟು ವರಣ್-ಭಾತ್ ಬಡಿಸಿದರು. ನಾವು ಪರಸ್ಪರ ಹೆಸರು ಕೇಳಿಕೊಂಡದ್ದೇ ಊಟವಾದ ಮೇಲೆ.

"ಆ ಊರಲ್ಲಿ ನಿನಗೆ ಯಾರಿದ್ದಾರೆ ಮಗಾ?" ಅಂತ ಅಮ್ಮ ಫೋನಿನಲ್ಲಿ ಯಾವಾಗಲೂ ಕೇಳುತ್ತಿದ್ದಳು. ಈ ಸಂಗತಿ ಹೇಳಿದ ಮೇಲೆ ಕೇಳುವುದನ್ನು ಬಿಟ್ಟಳು.