ಲಂಗದ ಉದ್ದ, ನಾಲಗೆಯ ಉದ್ದ

ಹೆಣ್ಣಿನ ಉಡುಗೆಯ ಬಗ್ಗೆ ತೀರ್ಪು ಕೊಡುವವರಿಗೆ ಯಾವ ದೇಶದಲ್ಲೂ ಬರವಿಲ್ಲ. ನಮ್ಮಲ್ಲಿ ತಕರಾರು ಹೆಚ್ಚಾಗಿ ಬಟ್ಟೆ ಸಾಲದೆಂದು. ಪ್ಯಾರಿಸ್ಸಿನ ಒಂದು ಉಡುಪಿಗೆ ಮಾತ್ರ ಬಟ್ಟೆ ಹೆಚ್ಚಾಯಿತೆಂದೇ ಗಲಾಟೆಯಾಯಿತು.

1947ರ ಫೆಬ್ರವರಿ 12ರಂದು ಕ್ರಿಸ್ತಿಯಾನ್ ದಿಯೋರ್ ತಮ್ಮ ಸಂಸ್ಥೆಯ ಮೊದಲ ಉಡುಪುಗಳನ್ನು ಪ್ರದರ್ಶಿಸಿದರು. ಬಿಗಿದ ನಡು, ಮೊಣಕಾಲಿನಿಂದ ಬಹಳ ಕೆಳಗಿಳಿದ ತುಂಬು ಲಂಗ. ಅಮೆರಿಕದ ಸಂಪಾದಕಿ ಕಾರ್ಮೆಲ್ ಸ್ನೋ ಮೆಚ್ಚಿ ಆಡಿದ ಮಾತಿನಿಂದ ಅದಕ್ಕೆ ‘ನ್ಯೂ ಲುಕ್’ ಎಂಬ ಹೆಸರು ನಿಂತಿತು. ಯುದ್ಧಕಾಲದ ಮೋಟು ಲಂಗ ಉಟ್ಟು ಬೇಸತ್ತವರಿಗೆ ಅದು ಹಬ್ಬ. ಆದರೆ ಬ್ರಿಟನ್ನಿನಲ್ಲಿ 1949ರವರೆಗೂ ಬಟ್ಟೆಗೆ ರೇಷನ್; ಮಂತ್ರಿ ಸ್ಟಾಫರ್ಡ್ ಕ್ರಿಪ್ಸ್ ಇದು ದುಂದೆಂದು ವಿರೋಧಿಸಿದರು. ಡಲ್ಲಾಸಿನಲ್ಲಿ ಹೆಂಗಸರು ಉದ್ದ ಲಂಗ ಬೇಡವೆಂದು ಸಂಘವನ್ನೇ ಕಟ್ಟಿದರು. ದಿಯೋರರಿಗೆ ಬಂಡವಾಳ ಹಾಕಿದ ಮಾರ್ಸೆಲ್ ಬುಸ್ಸಾಕ್ ಬಟ್ಟೆ ಗಿರಣಿಗಳ ಧಣಿ ಎಂಬುದನ್ನೂ ಮರೆಯುವಂತಿಲ್ಲ.

ಮನೆಯಲ್ಲಿ ಈ ಕಥೆ ಹೇಳಿದೆ. ಕಂಟ್ರೋಲ್ ಬಟ್ಟೆಯ ಕಾಲದಲ್ಲಿ ಹುಟ್ಟಿದ ದೊಡ್ಡಮ್ಮ, “ಆ ಲಂಗದ ಬಟ್ಟೆಯಲ್ಲಿ ನಾಲ್ಕು ಮಕ್ಕಳಿಗೆ ಅಂಗಿಯಾಗುತ್ತಿತ್ತು” ಎಂದರು. ಅಮ್ಮ, “ಇರಲಿ ಅಕ್ಕಾ, ಒಮ್ಮೆಯಾದರೂ ಮನಸ್ಸು ತುಂಬುವಷ್ಟು ನೆರಿಗೆ ಹಿಡಿಯಬಾರದೇ?” ಎಂದರು. ನನಗೆ ಎರಡೂ ಸರಿಯೆನಿಸಿತು. ಕೊರತೆ ಕಂಡವರಿಗೆ ದುಂದು ಚುಚ್ಚುತ್ತದೆ. ಕೊರತೆ ಕಂಡವರಿಗೇ ನೆರಿಗೆಯ ಆಸೆಯೂ ಹೆಚ್ಚು.

ಈಗ ಜಗಳ ನಮ್ಮ ಜಗಲಿಗೇ ಬಂದಿದೆ. ಧಾರೆಯ ದಿನ ಮಗಳಿಗೆ ಕೇರಳದ ಕಸವು ಸೀರೆ ಬೇಕಂತೆ. “ಕನ್ನಡದ ಮನೆಯ ಮದುಮಗಳಿಗೆ ಬಿಳಿ ಸೀರೆಯೇ?” ಎಂದು ದೊಡ್ಡಮ್ಮ ಮಾತು ಬಿಟ್ಟಿದ್ದಾರೆ, ಅವರಿಗೆ ಬಣ್ಣದ ಪಟ್ಟೆ ಸೀರೆಯೇ ಆಗಬೇಕು. ಸೀರೆ ಬದಲಾದರೆ ಮನೆಮಾತು ಹೋಗುವುದಿಲ್ಲ. ಮಕ್ಕಳೊಡನೆ ಆಡುವುದನ್ನು ಬಿಟ್ಟರೆ ಹೋಗುತ್ತದೆ. ಉಡುವವಳು ಮಗಳು. ನಾನು ಅವಳ ಪಕ್ಷ.