ಕ್ರೌನಿನೊಳಗೆ ಹೊಳೆನೀರು

ಎಂಬತ್ತರ ದಶಕದ ಕೊನೆಯಲ್ಲಿ, ಮಳೆಗಾಲದ ಬೆಳಿಗ್ಗೆ ಕಳಸ ಸೀಮೆಯ ಜೀಪು ಗ್ಯಾರೇಜುಗಳಲ್ಲಿ ಕೆಲಸ ಶುರುವಾಗುತ್ತಿದ್ದುದು ಗಾಡಿಯ ಅಡಿಯಲ್ಲಿ. ಕೆಲಸಕ್ಕಿದ್ದ ಹುಡುಗ ಸ್ಪ್ಯಾನರ್ ಹಿಡಿದು ಹಿಂದಿನ ಚಕ್ರಗಳ ನಡುವೆ ನುಸುಳಿ, ಚಕ್ರ ತಿರುಗಿಸುವ ಕ್ರೌನ್ ಎಂಬ ಹಲ್ಲುಗಾಲಿಯ ಹೌಸಿಂಗಿನ ತಳದ ಬೋಲ್ಟನ್ನು ಎರಡು ಸುತ್ತು ಸಡಿಲಿಸುತ್ತಿದ್ದ. ಮೊದಲು ನೀರು ತೊಟ್ಟಿಕ್ಕುತ್ತಿತ್ತು. ಹಿಂದೆಯೇ ಗೇರ್ ಆಯಿಲ್ ಕಾಣಿಸಿಕೊಂಡರೆ ಬೋಲ್ಟ್ ಬಿಗಿದು ಹೊರಗೆ ಬರುತ್ತಿದ್ದ. ಗಾಡಿ ಅಲುಗುವ ಮೊದಲೇ ಇದನ್ನು ಮಾಡಬೇಕು. ರಾತ್ರಿಯಿಡೀ ನಿಂತ ಜೀಪಿನಲ್ಲಿ ನೀರು ತಳಕ್ಕಿಳಿದು ಆಯಿಲ್ ಅದರ ಮೇಲೆ ನಿಂತಿರುತ್ತದೆ. ಅರ್ಧ ಮೈಲಿ ಓಡಿಸಿದರೆ ಸಾಕು, ಕ್ರೌನಿನ ಹಲ್ಲುಗಳು ಎರಡನ್ನೂ ಕಡೆದು ಒಂದು ಮಾಡಿಬಿಡುತ್ತವೆ. ಅದಕ್ಕೇ ಹೊಳೆ ದಾಟಿ ಬಂದ ಡ್ರೈವರುಗಳು ಸಂಜೆಯೇ ಜೀಪು ತಂದು ನಿಲ್ಲಿಸಿ, ಕೊಡೆ ಬಿಚ್ಚಿಕೊಂಡು ಮನೆಗೆ ನಡೆದು ಹೋಗುತ್ತಿದ್ದರು.

"ಎಂಥ ಬಣ್ಣ?" ಮರುದಿನ ಬಂದವನ ಮೊದಲ ಪ್ರಶ್ನೆ ಅದೇ.

"ಹಾಲು ಹಾಕಿದ ಕಾಫಿ ಮಾರಾಯ. ಇವತ್ತು ನಿಂಗೆ ಬಾಡಿಗೆ ಇಲ್ಲ."

ಆಯಿಲ್ ಕಪ್ಪಗೆ ಇದ್ದರೆ ಜೀಪು ಹೊರಡಬಹುದು. ಬೆಳ್ಳಗೆ ತಿರುಗಿದ್ದರೆ ನೀರು ಬೆರೆತಿದೆ ಎಂದು ಅರ್ಥ. ಅಂಥ ಆಯಿಲ್ ಹಲ್ಲುಗಳ ನಡುವೆ ನಿಲ್ಲುವುದಿಲ್ಲ, ಉಕ್ಕು ಉಕ್ಕಿಗೆ ಉಜ್ಜುತ್ತದೆ. ಪೂರ್ತಿ ಬಸಿದು, ಹೌಸಿಂಗನ್ನು ಡೀಸೆಲಿನಲ್ಲಿ ತೊಳೆದು, ನೈಂಟಿ ಎಂದು ಕರೆಯುವ ಹೊಸ ಗೇರ್ ಆಯಿಲ್ ತುಂಬಬೇಕು. ಬಸಿದ ಹಳೆ ಆಯಿಲ್ಲೂ ವ್ಯರ್ಥವಾಗುತ್ತಿರಲಿಲ್ಲ. ಕೊಟ್ಟಿಗೆಯ ಕಂಬಕ್ಕೆ, ಬೇಲಿಯ ಗೂಟಕ್ಕೆ ಗೆದ್ದಲು ಹತ್ತದಂತೆ ಬಳಿಯಲು ಯಾರಾದರೊಬ್ಬರು ಡಬ್ಬ ತಂದಿಟ್ಟು ಹೋಗಿರುತ್ತಿದ್ದರು.

ಈ ಸೀಮೆಯಲ್ಲಿ ಜೀಪು ನೀರಿಗಿಳಿಯದೆ ಬದುಕುವಂತಿರಲಿಲ್ಲ. ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟಿದ ಭದ್ರೆ ಕಳಸದ ಹೊತ್ತಿಗೆ ತುಂಬು ಹೊಳೆ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ಜೋರು ಮಳೆಗೆ ಮುಳುಗಿ ಸುದ್ದಿಯಾಗುವುದು ಇಂದಿಗೂ ತಪ್ಪಿಲ್ಲ. ಆದರೆ ಜೀಪಿನವರ ನಿಜವಾದ ತಲೆನೋವು ಹೆಸರಿಲ್ಲದ ಹಳ್ಳಗಳದು. ಒಂದೊಂದು ಗುಡ್ಡಕ್ಕೆ ಒಂದೊಂದು ಮನೆ, ಎರಡು ಗುಡ್ಡಗಳ ನಡುವೆ ಒಂದು ಹಳ್ಳ. ಮನುಷ್ಯರಿಗೆ ಅಡಿಕೆ ಮರ ಜೋಡಿಸಿದ ಕಾಲುಸಂಕ ಇರುತ್ತಿತ್ತು. ಅಡಿಕೆ ಮೂಟೆ, ಕಾಫಿ ಚೀಲ, ಗೊಬ್ಬರ, ರೇಷನ್ ಅಕ್ಕಿ, ಮದುವೆ ದಿಬ್ಬಣ, ಹೆರಿಗೆ ನೋವು ಬಂದ ಹೆಂಗಸು ಇವೆಲ್ಲಕ್ಕೂ ಜೀಪೇ ಗತಿ. ಕೆಸರಿಗೆ ಹಿಂದಿನ ಟೈರುಗಳಿಗೆ ಕಬ್ಬಿಣದ ಚೈನು ಸುತ್ತಿ, ಟಾರ್ಪಾಲಿನ ಹುಡ್ ಬಿಗಿದು, ಜೀಪು ಹಳ್ಳಕ್ಕೆ ಇಳಿಯುತ್ತಿತ್ತು.

ಮಹೀಂದ್ರಾ ಕಂಪನಿ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿದ್ದು ನಲವತ್ತರ ದಶಕದ ಕೊನೆಯಲ್ಲಿ. ಹಳೆಯ ತಲೆಮಾರಿನ ಜೀಪುಗಳದು ಪೆಟ್ರೋಲ್ ಎಂಜಿನ್. ಅವಕ್ಕೆ ನೀರು ಕಂಡರೆ ಆಗುತ್ತಿರಲಿಲ್ಲ. ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ನಾಲ್ಕು ಹನಿ ಸಿಡಿದರೂ ಕಿಡಿ ಹುಟ್ಟದೆ ಹಳ್ಳದ ಮಧ್ಯೆ ಕೆಮ್ಮಿ ನಿಲ್ಲುತ್ತಿದ್ದವು. ಡ್ರೈವರ್ ಲುಂಗಿ ಎತ್ತಿ ಕಟ್ಟಿ ಇಳಿದು, ಕ್ಯಾಪ್ ತೆಗೆದು, ಒಣಬಟ್ಟೆ ಸಿಕ್ಕರೆ ಅದರಿಂದ, ಸಿಗದಿದ್ದರೆ ಬನಿಯನ್ನಿನಿಂದಲೇ ಒರೆಸುತ್ತಿದ್ದ. ಡೀಸೆಲ್ ಎಂಜಿನ್ ಬಂದ ಮೇಲೆ ಆ ಕಾಟ ತಪ್ಪಿತು. ಎಂಬತ್ತರ ದಶಕದ ಎಂಎಂ 540 ಜೀಪಿನ 2112 ಸಿಸಿ ಪ್ಯುಜೊ ಎಂಜಿನ್ನಿಗೆ ಒಮ್ಮೆ ಸ್ಟಾರ್ಟ್ ಆದರೆ ಕರೆಂಟಿನ ಹಂಗೇ ಇಲ್ಲ. ಬ್ಯಾಟರಿ ಮುಳುಗಿದರೂ, ಡೈನಮೋ ತೊಯ್ದರೂ, ಗಾಳಿ ಮತ್ತು ಡೀಸೆಲ್ ಸಿಗುತ್ತಿರುವ ತನಕ ಓಡುತ್ತಲೇ ಇರುತ್ತಿತ್ತು.

ನೀರಿಗಿಳಿಯುವ ಮೊದಲು ಮಾಡುತ್ತಿದ್ದ ಸಿದ್ಧತೆಯೂ ಒಂದು ವಿದ್ಯೆಯೇ. ಕ್ಲೀನರ್ ಹುಡುಗ ಕೋಲು ಹಿಡಿದು ಮುಂದೆ ನಡೆದು ತಳ ನೋಡುತ್ತಿದ್ದ. ಬಂಪರಿನ ಮಟ್ಟಕ್ಕೆ ನೀರಿದ್ದರೆ ಫ್ಯಾನ್ ಬೆಲ್ಟ್ ಬಿಚ್ಚುತ್ತಿದ್ದರು. ಜೋರಾಗಿ ತಿರುಗುವ ಫ್ಯಾನು ನೀರಿಗೆ ಸಿಕ್ಕರೆ ಅದರ ರೆಕ್ಕೆ ಮುಂದಕ್ಕೆ ಬಾಗಿ ರೇಡಿಯೇಟರನ್ನೇ ಕೊರೆಯುತ್ತದೆ, ಅದಲ್ಲದೆ ನೀರನ್ನು ಎಂಜಿನ್ ಮೇಲೆಲ್ಲ ಎರಚುತ್ತದೆ. ಆದರೆ ಬೆಲ್ಟ್ ಇಲ್ಲದಿದ್ದರೆ ವಾಟರ್ ಪಂಪೂ ತಿರುಗುವುದಿಲ್ಲ, ಎಂಜಿನ್ ಕಾಯುವುದರೊಳಗೆ ಆಚೆ ದಡ ಸೇರಬೇಕು. ಮುಂದಿನ ಜಾಲರಿಗೆ ಗೋಣಿತಾಟು ಕಟ್ಟಿ, ಲೋ ಗೇರಿಗೆ ಹಾಕಿ ಒಂದೇ ಹದದಲ್ಲಿ ಓಡಿಸಿದರೆ ಮುಂದೆ ಒಂದು ಅಲೆ ಏಳುತ್ತದೆ, ಅದರ ಹಿಂದೆ ನೀರಿನ ಮಟ್ಟ ಸ್ವಲ್ಪ ಇಳಿಯುತ್ತದೆ. ಆ ಅಲೆಯನ್ನು ಕೆಡಿಸದಂತೆ ದಾಟುವವನೇ ಪಳಗಿದ ಡ್ರೈವರ್. ನಡುಹಳ್ಳದಲ್ಲಿ ಕ್ಲಚ್ ತುಳಿದು ಗೇರ್ ಬದಲಿಸಿದವನಿಗೆ ಗ್ಯಾರೇಜಿನಲ್ಲಿ ಬೈಗುಳ ಕಾದಿರುತ್ತಿತ್ತು, ಏಕೆಂದರೆ ಒದ್ದೆಯಾದ ಕ್ಲಚ್ ಪ್ಲೇಟು ಆ ಗಳಿಗೆಯಲ್ಲೇ ಜಾರುತ್ತದೆ.

ಇಷ್ಟೆಲ್ಲ ಮಾಡಿದರೂ ಕ್ರೌನಿಗೆ ನೀರು ಹೋಗುವುದು ಹೇಗೆ? ಘಾಟಿ ಹತ್ತಿಳಿದ ಜೀಪಿನ ಹೌಸಿಂಗು ಕೈ ಇಡಲಾಗದಷ್ಟು ಕಾದಿರುತ್ತದೆ. ಒಳಗಿನ ಗಾಳಿಯೂ ಬಿಸಿಯಾಗಿ ಹಿಗ್ಗಿ, ಮೇಲಿರುವ ಬ್ರೀದರ್ ಎಂಬ ಪುಟ್ಟ ರಂಧ್ರದಿಂದ ಹೊರಗೆ ಹೋಗಿರುತ್ತದೆ. ಅದೇ ಹೌಸಿಂಗು ತಣ್ಣನೆಯ ಹಳ್ಳದಲ್ಲಿ ಮುಳುಗಿದೊಡನೆ ಉಳಿದ ಗಾಳಿ ಕುಗ್ಗುತ್ತದೆ, ಖಾಲಿ ಜಾಗ ತುಂಬಲು ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳುತ್ತದೆ. ಸುತ್ತ ಇರುವುದು ನೀರೇ. ಬ್ರೀದರಿನಲ್ಲಿ ಕೆಸರು ಗಟ್ಟಿಯಾಗಿದ್ದರೆ ಆಯಿಲ್ ಸೀಲಿನ ಅಂಚಿನಿಂದಲೇ ನೀರು ಒಳಕ್ಕೆ ಹೋಗುತ್ತದೆ. ಹಳಬ ಮೇಸ್ತ್ರಿಗಳಿಗೆ ಇದು ಗೊತ್ತಿತ್ತು. "ದಡದಲ್ಲಿ ಒಂದು ಬೀಡಿ ಸೇದಿ ಇಳಿಸು" ಎಂಬ ಅವರ ಬುದ್ಧಿಮಾತು ಗಾಡಿ ತಣಿಯಲಿ ಎಂಬ ಲೆಕ್ಕದ್ದು.

ಹೊಳೆಯ ಪೆಟ್ಟು ಅಂದೇ ತಿಳಿಯುವುದಿಲ್ಲ. ಅಂದು ಬ್ರೇಕ್ ಮಾತ್ರ ಹಿಡಿಯುವುದಿಲ್ಲ, ಎಡಗಾಲಲ್ಲಿ ಪೆಡಲನ್ನು ಮೆಲ್ಲಗೆ ಒತ್ತಿಕೊಂಡು ಒಂದಷ್ಟು ದೂರ ಹೋದರೆ ಡ್ರಮ್ ಬಿಸಿಯಾಗಿ ಒಣಗುತ್ತದೆ. ಡ್ರಮ್ಮಿನೊಳಗೆ ಉಳಿದ ಮರಳು ಮಾತ್ರ ದಿನವೂ ಲೈನರನ್ನು ತಿನ್ನುತ್ತಾ ಇರುತ್ತದೆ. ಹಬ್ಬಿನ ಗ್ರೀಸು ತೊಳೆದು ಹೋಗಿ ಬೇರಿಂಗಿಗೆ ತುಕ್ಕು ಹತ್ತಿ, ದಸರೆಯ ಹೊತ್ತಿಗೆ ಸಣ್ಣಗೆ ಗುಂಯ್‌ಗುಟ್ಟಲು ಶುರು. ಹ್ಯಾಂಡ್‌ಬ್ರೇಕ್ ಎಳೆದು ಎರಡು ದಿನ ನಿಲ್ಲಿಸಿದರೆ ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಳ್ಳುತ್ತಿತ್ತು, ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟುತ್ತಿತ್ತು. ಮಳೆಗಾಲದಲ್ಲಿ ದುಡಿದ ದುಡ್ಡಿನ ದೊಡ್ಡ ಪಾಲನ್ನು ಮಳೆ ಮುಗಿದ ಮೇಲೆ ಬಿಡಿಭಾಗಗಳ ಅಂಗಡಿಗೆ ಸುರಿಯುವುದು ಜೀಪಿನವರ ವಾರ್ಷಿಕ ವ್ಯವಹಾರ.

ಎಲ್ಲರೂ ಹೆದರುತ್ತಿದ್ದುದು ಒಂದಕ್ಕೆ: ಏರ್ ಕ್ಲೀನರ್ ಮೂಲಕ ಎಂಜಿನ್ ನೀರು ಕುಡಿಯುವುದು. ಡೀಸೆಲ್ ಎಂಜಿನ್ ಸಿಲಿಂಡರಿನೊಳಗಿನ ಗಾಳಿಯನ್ನು ಇಪ್ಪತ್ತರಲ್ಲಿ ಒಂದು ಪಾಲಿಗೂ ಕಡಿಮೆ ಜಾಗಕ್ಕೆ ಅದುಮುತ್ತದೆ. ಗಾಳಿ ಅದುಮಿಸಿಕೊಳ್ಳುತ್ತದೆ, ನೀರು ಜಪ್ಪಯ್ಯ ಎಂದರೂ ಅದುಮಿಸಿಕೊಳ್ಳುವುದಿಲ್ಲ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ಅರ್ಧ ಲೋಟ ನೀರಿದ್ದರೂ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೇ ಮುರಿದು ಬ್ಲಾಕನ್ನೇ ಸೀಳಿ ಹೊರಬರುತ್ತದೆ. ಅಂಥ ಜೀಪನ್ನು ಎತ್ತು ಕಟ್ಟಿಯೋ ಇನ್ನೊಂದು ಜೀಪಿಗೆ ಹಗ್ಗ ಬಿಗಿದೋ ದಡಕ್ಕೆ ಎಳೆಯುತ್ತಿದ್ದರು. ನಾಝಲ್‌ಗಳನ್ನು ಬಿಚ್ಚಿ ಸೆಲ್ಫ್ ಹೊಡೆದರೆ ತೂತುಗಳಿಂದ ನೀರು ಚಿಮ್ಮುತ್ತಿತ್ತು, ಹಸುರು ಬಣ್ಣದ ಪಾಚಿಯೂ ಒಮ್ಮೊಮ್ಮೆ. ರಾಡ್ ಬಾಗದೆ ಉಳಿದಿದ್ದರೆ ಸಂಪಿನ ಆಯಿಲ್ ಬದಲಿಸಿ, ಫಿಲ್ಟರ್ ಒಗೆದು, ಸಂಜೆಯೊಳಗೆ ಗಾಡಿ ಮತ್ತೆ ರಸ್ತೆಗೆ. ಒಳಗಿನ ಭಾಗಗಳಿಗೆ ತುಕ್ಕು ಹತ್ತುವ ಮೊದಲು ಎಂಜಿನ್ ಬಿಸಿಯಾಗಬೇಕು ಎಂಬ ಅವಸರ ಎಲ್ಲರಿಗೂ ಇರುತ್ತಿತ್ತು.

ಈ ಕಸುಬಿನ ಬುಡ ಅಲುಗಿದ್ದು ಹೊಳೆಗಳ ಮೇಲೆ ದಾರಿ ಆದಾಗ. ಪಶ್ಚಿಮ ಘಟ್ಟದ ಇನ್ನೊಂದು ಮಗ್ಗುಲಿನ ಸುಳ್ಯದಲ್ಲಿ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಆಮೇಲೆ ಅವರ ನೂರಕ್ಕೂ ಹೆಚ್ಚು ತೂಗುಸೇತುವೆಗಳು ಬೇರೆ ಬೇರೆ ಹೊಳೆಗಳ ಮೇಲೆ ಎದ್ದವು, 2017ರಲ್ಲಿ ಪದ್ಮಶ್ರೀ ಬಂತು. ಅವು ನಡೆಯುವವರ ಸೇತುವೆಗಳು. ಆದರೆ ಶಾಲೆ, ಪೇಟೆ, ಆಸ್ಪತ್ರೆಗೆ ಹೋಗಲು ಜೀಪು ಹಳ್ಳಕ್ಕಿಳಿಯಲೇಬೇಕೆಂಬ ಅನಿವಾರ್ಯ ಎಷ್ಟೋ ಊರುಗಳಲ್ಲಿ ಅವುಗಳಿಂದ ಹೋಯಿತು. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳು ಬಂದವು, ಮೋರಿಗಳು ಬಂದವು. ಮೋರಿಯ ಮೇಲೆ ಆಟೋ ಹೋಯಿತು, ಮಾರುತಿ ಕಾರು ಹೋಯಿತು. 2005ರ ಕೊನೆಗೆ ಕುದುರೆಮುಖದ ಕಬ್ಬಿಣದ ಗಣಿ ನಿಂತು ಅಲ್ಲಿನ ಊರು ಬರಿದಾಗುತ್ತಿದ್ದ ಹೊತ್ತಿಗೆ ಇತ್ತ ಬಾಡಿಗೆ ಜೀಪಿನ ಸಾಲೂ ತೆಳುವಾಗಿತ್ತು.

ಉಳಿದವರಿಗೆ ಹೊಸ ಗಿರಾಕಿಗಳು ಬೆಟ್ಟ ನೋಡಲು ಬಂದವರು. ಸಂಸೆ ಹತ್ತಿರದ ಬಾಳೆಗಲ್ಲಿನಿಂದ ಮುಳ್ಳೋಡಿಗೆ, ಕುದುರೆಮುಖ ಚಾರಣ ಶುರುವಾಗುವ ಜಾಗಕ್ಕೆ, ಕಲ್ಲು ಕೊರಕಲಿನ ದಾರಿ. ಅಲ್ಲಿಗೆ ಚಾರಣಿಗರನ್ನು ಸಾಗಿಸುವುದೇ ಎಷ್ಟೋ ಜೀಪುಗಳ ಜೀವನವಾಯಿತು. ಕೊಡಗಿನ ಮಾಂದಲ್‌ಪಟ್ಟಿಯದೂ ಇದೇ ಕಥೆ.

ಅಷ್ಟರಲ್ಲಿ ಗಾಡಿಯೇ ಬೇರೆಯಾಗಿತ್ತು. 2010ರಲ್ಲಿ ಮಹೀಂದ್ರಾದ್ದೇ ಥಾರ್ ಬಂತು. ನೋಡಲು ಹಳೆಯ ಜೀಪಿನ ತಮ್ಮ, ಆದರೆ ಬಾನೆಟ್ಟಿನ ಕೆಳಗೆ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಡೀಸೆಲ್ ಸಿಂಪಡಿಸುವ ಕಾಮನ್ ರೈಲ್ ಎಂಜಿನ್. ಹಳೆ ಜೀಪಿನ ಡೀಸೆಲ್ ಟ್ಯಾಂಕಿಗೆ ನೀರು ಹೋದರೆ ಬಸಿದು, ಪೈಪಿನ ಗಾಳಿ ತೆಗೆದು ಮುಂದೆ ಹೋಗಬಹುದಿತ್ತು. ಇದರಲ್ಲಿ ಅದೇ ನೀರು ಇಂಜೆಕ್ಟರನ್ನೂ ಪಂಪನ್ನೂ ಹಾಳುಗೆಡವುತ್ತದೆ. ವಯರುಗಳ ಕನೆಕ್ಟರಿನೊಳಗೆ ಉಳಿದ ತೇವ ವಾರಗಟ್ಟಲೆ ಸುಮ್ಮನಿದ್ದು, ತಾಮ್ರದ ಪಿನ್ನುಗಳಿಗೆ ಹಸುರು ಕಿಲುಬು ಹಿಡಿಸುತ್ತದೆ. ಆಮೇಲೊಂದು ದಿನ ಒಣ ರಸ್ತೆಯಲ್ಲಿ, ಯಾವ ಹಳ್ಳವೂ ಇಲ್ಲದ ಕಡೆ, ಡ್ಯಾಶ್‌ಬೋರ್ಡಿನ ದೀಪಗಳು ಒಟ್ಟಿಗೆ ಹೊತ್ತಿಕೊಂಡು ಎಂಜಿನ್ ನಿಲ್ಲುತ್ತದೆ.

2020ರ ಅಕ್ಟೋಬರಿನಲ್ಲಿ ಬಂದ ಎರಡನೇ ಥಾರಿಗೆ ಕಂಪನಿ ಹೇಳಿದ ನೀರಿನ ಆಳ 650 ಮಿಲಿಮೀಟರ್, ಎರಡಡಿಗಿಂತ ಚೂರು ಹೆಚ್ಚು. ಒಳಗಿನ ನೆಲವನ್ನು ನೀರು ಹಾಕಿ ತೊಳೆಯಬಹುದು, ಬಸಿಯಲು ಪ್ಲಗ್ಗುಗಳಿವೆ. ಆದರೆ ಆ ಅಳತೆ ನಿಂತ ನೀರಿನದು, ನಿಧಾನ ವೇಗದ್ದು. ಮಳೆಗಾಲದ ಹಳ್ಳ ನಿಲ್ಲುವುದಿಲ್ಲ. ರಭಸವಾಗಿ ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರನ್ನು ತೇಲಿಸಬಲ್ಲದು, ಎರಡಡಿ ಇದ್ದರೆ ಹೆಚ್ಚಿನ ಎಲ್ಲ ಗಾಡಿಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದು. ಹಳೆಯ ಜೀಪಿಗೆ ಬಾಗಿಲಿಲ್ಲ, ನೆಲದ ತಗಡಿನಲ್ಲಿ ತೂತು. ನೀರು ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಡುತ್ತಿತ್ತು, ಚಕ್ರದ ಮೇಲಿನ ಭಾರ ಉಳಿಯುತ್ತಿತ್ತು. ರಬ್ಬರ್ ಬೀಡಿಂಗ್ ಹಾಕಿ ಮುಚ್ಚಿದ ಹೊಸ ಗಾಡಿ ನೀರನ್ನು ಹೊರಗಿಟ್ಟಷ್ಟೂ ಹಗುರಾಗುತ್ತದೆ. ಇದು ಹಳೆಯ ಡ್ರೈವರುಗಳಿಗೆ ಕಣ್ಣಿಗೆ ಕಟ್ಟಿದಷ್ಟು ಸ್ಪಷ್ಟ. ಥಾರಿನ ಮಾಲೀಕರಿಗೆ ಹೇಳಿದರೆ ನಗುತ್ತಾರೆ.

ಮೊದಲು ಹೊಳೆ ದಾಟಲೇಬೇಕಾದವರು ದಾಟುತ್ತಿದ್ದರು, ಈಗ ಸೇತುವೆ ಬಿಟ್ಟು ಪಕ್ಕದ ನೀರಿಗಿಳಿಯುವವರು ಬರುತ್ತಿದ್ದಾರೆ. 2014ರಿಂದ ಗೋವಾದ ಕಾಡಿನಲ್ಲಿ ಮಳೆಗಾಲದಲ್ಲೇ ರೇನ್‌ಫಾರೆಸ್ಟ್ ಚಾಲೆಂಜ್ ಸ್ಪರ್ಧೆ ನಡೆಯತೊಡಗಿದ ಮೇಲೆ ವಿಂಚ್, ಸ್ನಾರ್ಕೆಲ್ ಎಂಬ ಮಾತುಗಳು ಮಲೆನಾಡಿನ ಗ್ಯಾರೇಜುಗಳಲ್ಲೂ ಬಳಕೆಗೆ ಬಂದವು. ಸ್ನಾರ್ಕೆಲ್ ಅಂದರೆ ಎಂಜಿನ್ನಿನ ಮೂಗನ್ನು ಗಾಜಿನ ಪಕ್ಕದಲ್ಲಿ ತಲೆಯೆತ್ತರಕ್ಕೆ ಒಯ್ಯುವ ಕೊಳವೆ. ಅದನ್ನು ಹಾಕಿಸಿಕೊಳ್ಳುವ ಗಿರಾಕಿ ಬ್ರೀದರಿಗೆ ಒಂದು ರಬ್ಬರ್ ಪೈಪ್ ಜೋಡಿಸಿ ಮೇಲಕ್ಕೆ ಕಟ್ಟಿಸಲು ಮರೆಯುತ್ತಾನೆ. ಮೊದಲಿನದು ಎಲ್ಲರಿಗೂ ಕಾಣುತ್ತದೆ, ಎರಡನೆಯದು ಚಾಸಿಸ್ ಕೆಳಗೆ ಅಡಗಿರುತ್ತದೆ. ಎಂಜಿನ್ ಬದುಕುತ್ತದೆ, ಕ್ರೌನ್ ಸಾಯುತ್ತದೆ.

ಸ್ಕ್ಯಾನರ್ ಹಿಡಿದ ಐಟಿಐ ಹುಡುಗರು ಈಗ ಗ್ಯಾರೇಜುಗಳಲ್ಲಿ ಇದ್ದಾರೆ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ವಯರ್ ಸಿಕ್ಕಿಸಿದರೆ ಯಾವ ಸೆನ್ಸರ್ ಸತ್ತಿದೆ ಎಂದು ಪರದೆಯೇ ಹೇಳುತ್ತದೆ. ಆದರೆ ಹೌಸಿಂಗಿನ ಆಯಿಲ್ಲಿಗೆ ನೀರು ಸೇರಿದೆಯೇ ಎಂದು ಹೇಳುವ ಸೆನ್ಸರ್ ಅಲ್ಲಿಲ್ಲ. ಸ್ಕ್ಯಾನರ್ "ದೋಷವಿಲ್ಲ" ಎಂದ ಗಾಡಿಯನ್ನು ನಂಬಿ ಬೆಂಗಳೂರು ಸೇರಿದವರು, ತಿಂಗಳೊಪ್ಪತ್ತಿನಲ್ಲಿ ಹಿಂದಿನಿಂದ ಬರುವ ಗುಂಯ್ ಸದ್ದಿನ ವಿಡಿಯೊ ಮಾಡಿ ಕಳುಹಿಸುತ್ತಾರೆ.

ಲೆಕ್ಕಾಚಾರದಲ್ಲಿ ಇನ್ಶೂರೆನ್ಸ್ ಎಂಬ ಮೂರನೆಯವನೂ ಸೇರಿಕೊಂಡಿದ್ದಾನೆ. ನೆರೆಯಿಂದ ಗಾಡಿಗಾದ ಹಾನಿಯನ್ನು ಸಮಗ್ರ ಪಾಲಿಸಿ ಒಪ್ಪುತ್ತದೆ. ಮುಳುಗಿದ ಮೇಲೆ ಕೀಲಿ ತಿರುಗಿಸಿ ಎಂಜಿನ್ ಕೆಡಿಸಿಕೊಂಡರೆ ಅದು ಮಾಲೀಕ ತಾನಾಗಿ ಮಾಡಿಕೊಂಡ ನಷ್ಟ ಎನ್ನುತ್ತದೆ. ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆಗೆ ಬೇರೆ ದುಡ್ಡು ಕಟ್ಟಿರಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಡೆ ನೆಲಮಾಳಿಗೆಗಳಲ್ಲೇ ಕಾರುಗಳು ಮುಳುಗಿದಾಗ ಈ ವ್ಯತ್ಯಾಸ ನಗರದವರಿಗೂ ತಿಳಿಯಿತು. ಮಲೆನಾಡಿನ ಮೇಸ್ತ್ರಿಗಳು ಹಾನಿಯನ್ನು ಬಿಚ್ಚಿ ನೋಡುವ ಮೊದಲು ಫೋಟೊ ತೆಗೆಯುವುದನ್ನು ಕಲಿತಿದ್ದಾರೆ: ನೀರು ನಿಂತ ಗುರುತು, ಏರ್ ಫಿಲ್ಟರಿನ ಒದ್ದೆ, ಓಡೋಮೀಟರ್.

ಅದಕ್ಕೇ ಇಂದಿನ ರಿಪೇರಿ ಶುರುವಾಗುವುದು ಫೋನಿನಲ್ಲಿ. ಶನಿವಾರ ಮಧ್ಯಾಹ್ನ, ಸಿಗ್ನಲ್ ಸಿಗುವ ದಿಬ್ಬ ಹತ್ತಿ ಯಾರೋ ಕರೆ ಮಾಡುತ್ತಾರೆ. ಗಾಡಿ ಹಳ್ಳದಲ್ಲಿ ನಿಂತಿದೆ, ಸೀಟಿನ ತನಕ ನೀರಿದೆ. ಮೇಸ್ತ್ರಿ ಮಾದರಿ ಕೇಳುವುದಿಲ್ಲ, ವರ್ಷ ಕೇಳುವುದಿಲ್ಲ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಗೇರ್ ನ್ಯೂಟ್ರಲಿನಲ್ಲಿಡಿ, ಎಳೆಯುವ ಗಾಡಿ ಕಳುಹಿಸುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿ, ಕೊನೆಗೆ ಕೇಳುತ್ತಾರೆ:

"ನಿಂತ ಮೇಲೆ ಸ್ಟಾರ್ಟ್ ಮಾಡ್ಲಿಲ್ಲ ಅಲ್ವ ಸರ್?"

"ಎರಡೇ ಸಲ."

ಮೇಸ್ತ್ರಿ ಫೋನಿಟ್ಟು, ಕನೆಕ್ಟಿಂಗ್ ರಾಡ್ ಸೆಟ್ಟಿಗೆ ಎಷ್ಟು ದಿನ ಬೇಕೆಂದು ಚಿಕ್ಕಮಗಳೂರಿನ ಅಂಗಡಿಗೆ ನಂಬರ್ ಒತ್ತುತ್ತಾರೆ.